ಆಂಟೇರಿಯೋ ಸರೋವರದ ಈಜು (1954): ಒಂದು ಐತಿಹಾಸಿಕ ವಿಮರ್ಶೆ

1. ವಿಷಯ ಪ್ರವೇಶ

ಆಟಪಾಟಗಳ ಸಂಗತಿಗಳು ಇತಿಹಾಸಕಾರನ ಲೇಖನಿಗೆ ಯೋಗ್ಯವಾದವುಗಳಲ್ಲವೆಂಬ ಭಾವನೆ ನಮ್ಮ ವಿದ್ಯಾಶಾಲೆಗಳಲ್ಲಿ ಬಹುಕಾಲದಿಂದ ಬೇರೂರಿಕೊಂಡಿದೆ. ರಾಜವಂಶಗಳು, ಯುದ್ಧಗಳು, ಶಾಸನಗಳು, ಭೂಕಂದಾಯದ ಪದ್ಧತಿಗಳು ಇವೇ ನಮ್ಮ ಪಠ್ಯಗಳ ಬಹುಭಾಗವನ್ನು ಆಕ್ರಮಿಸಿಕೊಂಡಿವೆ. ಇವು ಮುಖ್ಯವಲ್ಲವೆಂದು ಯಾರೂ ಹೇಳಲಾರರು. ಆದರೆ ಒಂದು ಸಮಾಜವು ಯಾವುದನ್ನು ನೋಡಲು ಲಕ್ಷಾಂತರ ಸಂಖ್ಯೆಯಲ್ಲಿ ನೆರೆಯುತ್ತದೆ, ಯಾರ ಸಾಹಸವನ್ನು ತನ್ನ ಸಾಹಸವೆಂದು ಭಾವಿಸುತ್ತದೆ ಎಂಬುದೂ ಆ ಸಮಾಜದ ಸ್ವರೂಪವನ್ನು ತಿಳಿಯಲು ಒಳ್ಳೆಯ ಸಾಧನವೇ ಸರಿ.

ಈ ದೃಷ್ಟಿಯಿಂದ ನಾವು ಪ್ರಸ್ತುತ ಲೇಖನದಲ್ಲಿ ಉತ್ತರ ಅಮೆರಿಕದ ಒಂದು ಘಟನೆಯನ್ನು ಎತ್ತಿಕೊಂಡಿದ್ದೇವೆ. 1954ನೆಯ ಇಸವಿ ಸೆಪ್ಟೆಂಬರ್ 8ರ ರಾತ್ರಿ ಟೊರಾಂಟೋ ನಗರದ ಮರಿಲಿನ್ ಬೆಲ್ ಎಂಬ ಹದಿನಾರು ವರ್ಷದ ಶಾಲಾಬಾಲಿಕೆಯು ಆಂಟೇರಿಯೋ ಸರೋವರದ ದಕ್ಷಿಣ ದಂಡೆಯಲ್ಲಿ ನೀರಿಗಿಳಿದು, ಮರುದಿನ ರಾತ್ರಿ ಉತ್ತರ ದಂಡೆಯನ್ನು ಮುಟ್ಟಿದಳು. 20 ಗಂಟೆ 59 ನಿಮಿಷಗಳ ಕಾಲ ಆಕೆ ನೀರಿನಲ್ಲಿದ್ದಳು. ಆ ಸರೋವರವನ್ನು ಈಜಿ ದಾಟಿದವರಲ್ಲಿ ಆಕೆಯೇ ಮೊದಲಿಗಳು.

ಘಟನೆ ಇಷ್ಟೇ. ಆದರೆ ಇದರ ಸುತ್ತ ಮೂರು ಪ್ರಶ್ನೆಗಳು ಏಳುತ್ತವೆ. ಮೊದಲನೆಯದಾಗಿ, ಈ ಸರೋವರವು ದಾಟಲು ಇಷ್ಟು ದುಸ್ತರವಾದುದೇಕೆ? ಎರಡನೆಯದಾಗಿ, ಈ ಘಟನೆಯನ್ನು ನಮಗೆ ತಿಳಿಸುವ ಆಧಾರಗಳನ್ನು ಎಷ್ಟರಮಟ್ಟಿಗೆ ನಂಬಬಹುದು? ಮೂರನೆಯದಾಗಿ, ಒಬ್ಬ ಬಾಲಿಕೆಯನ್ನು ಇಂತಹ ಅಪಾಯಕ್ಕೆ ಒಡ್ಡಿದುದನ್ನು ಆಕೆಯ ಗೆಲುವಿನ ಕಾರಣದಿಂದಲೇ ಸರಿಯೆಂದು ಒಪ್ಪಬೇಕೆ? ಕೊನೆಯ ಪ್ರಶ್ನೆ ಕಠಿನವಾದುದು. ಇತಿಹಾಸದ ವಿದ್ಯಾರ್ಥಿಗಳು ಅದನ್ನು ಎದುರಿಸಲೇಬೇಕೆಂದು ನಮ್ಮ ಅಭಿಪ್ರಾಯ.

2. ಸರೋವರದ ಸ್ವರೂಪ

ಉತ್ತರ ಅಮೆರಿಕದ ಐದು ಮಹಾಸರೋವರಗಳಲ್ಲಿ ವಿಸ್ತಾರದ ದೃಷ್ಟಿಯಿಂದ ಆಂಟೇರಿಯೋ ಅತ್ಯಂತ ಚಿಕ್ಕದು. ಹಾಗಿದ್ದರೂ ಅದರ ಹರವು ಸುಮಾರು 19,000 ಚದರ ಕಿಲೋಮೀಟರು; ಎಂದರೆ ಇಡಿಯ ಕರ್ನಾಟಕ ರಾಜ್ಯದ ಹತ್ತನೆಯ ಒಂದು ಭಾಗದಷ್ಟು. ಉದ್ದ 193 ಮೈಲಿ, ಅಗಲ 53 ಮೈಲಿ, ಅತಿ ಹೆಚ್ಚಿನ ಆಳ ಸುಮಾರು 800 ಅಡಿ. ನಮ್ಮ ನಾಡಿನ ಕೆರೆಗಳನ್ನು ಕಂಡು ಬೆಳೆದವರಿಗೆ 'ಸರೋವರ'ವೆಂಬ ಮಾತು ತಾವರೆಯನ್ನೂ ಮೆಟ್ಟಿಲುಗಳನ್ನೂ ನೆನಪಿಗೆ ತರುವುದು ಸಹಜ. ಇಲ್ಲಿ ಆ ಚಿತ್ರವನ್ನು ಬದಿಗಿಟ್ಟು, ಉಪ್ಪಿಲ್ಲದ ಒಂದು ಸಮುದ್ರವನ್ನು ಕಲ್ಪಿಸಿಕೊಳ್ಳುವುದು ಮೇಲು.

ಈ ನೀರಿನ ಮುಖ್ಯ ಗುಣ ಅದರ ಶೈತ್ಯ. ಸಿಹಿನೀರು ಸುಮಾರು 4 ಡಿಗ್ರಿ ಸೆಂಟಿಗ್ರೇಡಿನಲ್ಲಿ ಅತ್ಯಂತ ಭಾರವಾಗಿರುವುದರಿಂದ, ಬೇಸಗೆಯಲ್ಲಿಯೂ ಸರೋವರದ ತಳದಲ್ಲಿ ಅದೇ ಶೀತದ ನೀರು ನಿಂತಿರುತ್ತದೆ. ಬಿಸಿಲಿನಿಂದ ಬೆಚ್ಚಗಾಗುವುದು ಮೇಲಿನ ಒಂದು ತೆಳುವಾದ ಪದರ ಮಾತ್ರ. ಆಗಸ್ಟ್ ಸೆಪ್ಟೆಂಬರ್ ತಿಂಗಳುಗಳಲ್ಲಿ ಈ ಪದರವು 20 ಡಿಗ್ರಿಯ ಹತ್ತಿರಕ್ಕೆ ಬರಬಹುದು. ಆದರೆ ಅದು ಸ್ಥಿರವಾಗಿ ನಿಲ್ಲುವುದೆಂಬ ನೆಚ್ಚಿಕೆಯಿಲ್ಲ. ಪಶ್ಚಿಮದ ಗಾಳಿ ಬಲವಾಗಿ ಬೀಸಿದಾಗ, ಭೂಮಿಯ ಭ್ರಮಣದ ಪ್ರಭಾವದಿಂದ ಮೇಲ್ಪದರದ ನೀರು ಬಲಕ್ಕೆ ತಿರುಗಿ ಉತ್ತರ ದಂಡೆಯಿಂದ ದೂರ ಸರಿಯುತ್ತದೆ. ಅದರ ಸ್ಥಾನವನ್ನು ತುಂಬಲು ತಳದ ಶೀತಜಲವು ಮೇಲೇರಿ ಬರುತ್ತದೆ. ನಿನ್ನೆ ಮಕ್ಕಳು ಆಡುತ್ತಿದ್ದ ನೀರು ಇಂದು ಮೈಮರಗಟ್ಟಿಸುವಷ್ಟು ತಣ್ಣಗಾಗುವುದಕ್ಕೆ ಇದೇ ಕಾರಣ. ದಕ್ಷಿಣದಿಂದ ಈಜಿ ಬರುವವನು ತನ್ನ ಶಕ್ತಿಯೆಲ್ಲ ಸೋರಿಹೋದ ಕಡೆಯ ಗಳಿಗೆಗಳಲ್ಲಿ, ಕರೆ ಕಣ್ಣಿಗೆ ಬಿದ್ದ ಮೇಲೆಯೂ, ಅತ್ಯಂತ ಶೀತವಾದ ನೀರನ್ನು ಎದುರಿಸಬೇಕಾಗಿ ಬರಬಹುದು.

ಮನುಷ್ಯನ ದೇಹಕ್ಕೆ ಇದರಿಂದ ಆಗುವ ಹಾನಿ ಎಂತಹುದು? ಗಾಳಿಗಿಂತ ನೀರು ಸುಮಾರು 25 ಪಟ್ಟು ಹೆಚ್ಚು ವೇಗವಾಗಿ ಶಾಖವನ್ನು ಸಾಗಿಸುತ್ತದೆ. 18 ಡಿಗ್ರಿ ಗಾಳಿಯಲ್ಲಿ ನಾವು ಹಿತವಾಗಿ ಕುಳಿತು ಓದಬಲ್ಲೆವು. 18 ಡಿಗ್ರಿ ನೀರಿನಲ್ಲಿ ಗಂಟೆಗಟ್ಟಲೆ ಇದ್ದವನ ದೇಹ ತಾನು ಉತ್ಪತ್ತಿ ಮಾಡುವುದಕ್ಕಿಂತ ಹೆಚ್ಚು ಶಾಖವನ್ನು ಕಳೆದುಕೊಳ್ಳತೊಡಗುತ್ತದೆ. ಮೊದಲು ಕೈಕಾಲುಗಳ ರಕ್ತನಾಳಗಳು ಕುಗ್ಗುತ್ತವೆ, ಬೆರಳುಗಳು ಜೋಮು ಹಿಡಿಯುತ್ತವೆ, ಅನಂತರ ಸ್ನಾಯುಗಳು ಹೇಳಿದಂತೆ ಕೇಳುವುದಿಲ್ಲ. ದೇಹದ ಒಳಗಿನ ಶಾಖ 35 ಡಿಗ್ರಿಗಿಂತ ಕೆಳಗಿಳಿದರೆ ಬುದ್ಧಿ ಮಂಕಾಗುತ್ತದೆ. ಇದರಲ್ಲಿ ಒಂದು ವಿಶೇಷವಾದ ಅಪಾಯವುಂಟು: ತನ್ನ ಸ್ಥಿತಿ ಕೆಡುತ್ತಿದೆಯೆಂದು ತಿಳಿಯಬೇಕಾದ ಬುದ್ಧಿಯೇ ಮೊದಲು ಮಂಕಾಗುವುದರಿಂದ, ಈಜುಗಾರನು ತನ್ನ ವಿಷಯದಲ್ಲಿ ತಾನೇ ಒಳ್ಳೆಯ ಸಾಕ್ಷಿಯಾಗಲಾರನು. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ. ಮುಂದೆ ಇದರ ಅಗತ್ಯ ಬೀಳುತ್ತದೆ.

ಸರೋವರದ ಎರಡು ದಂಡೆಗಳಿಗೂ ತಮ್ಮದೇ ಆದ ಇತಿಹಾಸವುಂಟು. ದಕ್ಷಿಣದಲ್ಲಿ ನಯಾಗರಾ ನದಿಯ ಮುಖದ ಬಳಿಯಿರುವ ಯಂಗ್ಸ್‌ಟೌನಿನಲ್ಲಿ ಫ್ರೆಂಚರು 1726ರಲ್ಲಿ ಕಲ್ಲಿನ ಕಟ್ಟಡವನ್ನೆಬ್ಬಿಸಿದರು. 1759ರಲ್ಲಿ ಆ ಕೋಟೆ ಬ್ರಿಟಿಷರ ಕೈಸೇರಿತು. 1796ರಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನಕ್ಕೆ ಹೋಯಿತು. ಉತ್ತರದಲ್ಲಿ ಅಂದು ಯಾರ್ಕ್ ಎಂಬ ಹೆಸರಿನಿಂದಿದ್ದ ಟೊರಾಂಟೋವನ್ನು 1813ನೆಯ ಏಪ್ರಿಲಿನಲ್ಲಿ ಅಮೆರಿಕದ ನೌಕಾಬಲ ಆಕ್ರಮಿಸಿತು. ಪಡೆಗಳು ಪಟ್ಟಣದ ಪಶ್ಚಿಮದ ದಂಡೆಯಲ್ಲಿ ಇಳಿದುವು. ಅದೇ ವರ್ಷದ ಡಿಸೆಂಬರಿನಲ್ಲಿ ಬ್ರಿಟಿಷರು ನಯಾಗರಾ ಕೋಟೆಯನ್ನು ಹಿಡಿದರು. ಹೀಗೆ ಪರಸ್ಪರ ದಾಳಿ ಮಾಡಿದ ಎರಡು ದಂಡೆಗಳ ನಡುವೆ 141 ವರ್ಷಗಳ ಬಳಿಕ ಒಬ್ಬ ಬಾಲಿಕೆ ಈಜಿದಳು. ಆಗ ಎರಡು ರಾಷ್ಟ್ರಗಳ ನಡುವೆ ಉಳಿದಿದ್ದುದು ಸ್ಪರ್ಧೆಯೇ ಹೊರತು ವೈರವಲ್ಲ. ಆದರೆ ಹಿರಿಯ ನೆರೆಯವನ ನೆರಳಿನಲ್ಲಿ ಬದುಕುವ ಕಿರಿಯನ ಅಭಿಮಾನ ಮಾತ್ರ ಕೆನಡಾದ ಜನರಲ್ಲಿ ಜೀವಂತವಾಗಿತ್ತು.

3. ದೂರದ ಈಜಿಗೂ ಹಣಕ್ಕೂ ಇರುವ ಸಂಬಂಧ

ತೆರೆದ ನೀರಿನ ದೂರದ ಈಜು ಆಧುನಿಕ ಕಾಲದಲ್ಲಿ ಖ್ಯಾತಿಗೆ ಬಂದುದು 1875ರಲ್ಲಿ. ಆ ವರ್ಷದ ಆಗಸ್ಟಿನಲ್ಲಿ ಕ್ಯಾಪ್ಟನ್ ಮ್ಯಾಥ್ಯೂ ವೆಬ್ ಎಂಬ ಆಂಗ್ಲ ನಾವಿಕನು ಇಂಗ್ಲಿಷ್ ಕಡಲ್ಗಾಲುವೆಯನ್ನು ಸುಮಾರು 21 ಗಂಟೆ 45 ನಿಮಿಷಗಳಲ್ಲಿ ದಾಟಿದನು. ಕೀರ್ತಿ ಬಂದಿತು, ಆದರೆ ಕೀರ್ತಿಯಿಂದ ಹೊಟ್ಟೆ ತುಂಬುವುದು ಕಷ್ಟವಾಯಿತು. ಪ್ರದರ್ಶನಗಳಿಂದ ಜೀವಿಸತೊಡಗಿದ ವೆಬ್, 1883ನೆಯ ಜುಲೈ ತಿಂಗಳಿನಲ್ಲಿ ನಯಾಗರಾ ಜಲಪಾತದ ಕೆಳಗಿನ ಸುಳಿಗಳನ್ನು ಈಜಲು ಹೋಗಿ ಪ್ರಾಣ ಕಳೆದುಕೊಂಡನು. ಆ ನದಿಯು ಕೆಲವೇ ಮೈಲಿಗಳ ಕೆಳಗೆ ಯಂಗ್ಸ್‌ಟೌನಿನ ಬಳಿ ಸರೋವರವನ್ನು ಸೇರುತ್ತದೆ. ಮರಿಲಿನ್ ಬೆಲ್ ನೀರಿಗಿಳಿದ ಸ್ಥಳ ಇದೇ. ಸಾಹಸವನ್ನು ಹಣಕ್ಕೆ ಮಾರುವ ವ್ಯವಹಾರ ಎಲ್ಲಿಗೆ ಮುಟ್ಟಬಲ್ಲುದು ಎಂಬುದಕ್ಕೆ ಆ ನದಿಯೇ ಹಳೆಯ ಸಾಕ್ಷಿ.

1926ರಲ್ಲಿ ಅಮೆರಿಕದ ಗರ್ಟ್ರೂಡ್ ಎಡರ್ಲಿ ಕಡಲ್ಗಾಲುವೆಯನ್ನು ದಾಟಿದ ಮೊದಲ ಮಹಿಳೆಯಾದಳು. ಅಷ್ಟೇ ಅಲ್ಲದೆ, ಆಕೆಯ ವೇಳೆ ಅದುವರೆಗೆ ದಾಟಿದ್ದ ಎಲ್ಲ ಪುರುಷರಿಗಿಂತಲೂ ಕಡಮೆಯಾಗಿತ್ತು. ಸ್ತ್ರೀಯರ ದೇಹಶಕ್ತಿಯ ವಿಷಯದಲ್ಲಿ ಬಳಕೆಯಲ್ಲಿದ್ದ ಅನೇಕ ನಂಬಿಕೆಗಳು ಇದರಿಂದ ಅಲುಗಾಡಿದುವು. ಮರುವರ್ಷದ ಜನವರಿಯಲ್ಲಿ, ಚೂಯಿಂಗ್ ಗಮ್ ವ್ಯಾಪಾರದಲ್ಲಿ ಧನಿಕನಾದ ವಿಲಿಯಂ ರಿಗ್ಲಿ, ಕ್ಯಾಲಿಫೋರ್ನಿಯದ ಕರೆಗೆ ದೂರದಲ್ಲಿದ್ದ ತನ್ನ ಕ್ಯಾಟಲಿನಾ ದ್ವೀಪದಿಂದ ಪ್ರಧಾನ ಭೂಭಾಗದವರೆಗೆ ಒಂದು ಪಂದ್ಯವನ್ನು ಏರ್ಪಡಿಸಿದನು. ಬಹುಮಾನ 25,000 ಡಾಲರು. ನೂರಕ್ಕೂ ಮಿಕ್ಕಿದ ಈಜುಗಾರರಲ್ಲಿ ಗುರಿಮುಟ್ಟಿದವನು ಟೊರಾಂಟೋದ ಹದಿನೇಳು ವರ್ಷದ ಬಡ ಹುಡುಗ ಜಾರ್ಜ್ ಯಂಗ್ ಒಬ್ಬನೇ.

ಈ ಗೆಲುವಿನಿಂದ ಟೊರಾಂಟೋ ನಗರಕ್ಕೆ ಈಜಿನ ಹುಚ್ಚು ಹಿಡಿಯಿತೆಂದು ಹೇಳಬಹುದು. ಅಲ್ಲಿ 1879ರಿಂದ ಪ್ರತಿವರ್ಷವೂ ಬೇಸಗೆಯ ಕೊನೆಯಲ್ಲಿ ನಡೆಯುತ್ತ ಬಂದಿದ್ದ ದೊಡ್ಡ ವಸ್ತುಪ್ರದರ್ಶನವೊಂದಿತ್ತು. ಮುಂದೆ ಅದಕ್ಕೆ ಕೆನಡಿಯನ್ ನ್ಯಾಷನಲ್ ಎಕ್ಸಿಬಿಷನ್ ಎಂಬ ಹೆಸರಾಯಿತು. ನಮ್ಮ ಮೈಸೂರಿನ ದಸರಾ ವಸ್ತುಪ್ರದರ್ಶನವನ್ನು ಬಲ್ಲವರಿಗೆ ಇಂತಹ ಸಂಸ್ಥೆಯ ಸ್ವರೂಪವನ್ನು ವಿವರಿಸಬೇಕಾಗಿಲ್ಲ: ದನಕರು, ಯಂತ್ರ, ಬಟ್ಟೆ, ತಿಂಡಿ, ಆಟ ಎಲ್ಲವೂ ಒಂದೆಡೆ ಸೇರುವ ಜಾತ್ರೆ ಅದು. ಈ ಪ್ರದರ್ಶನದವರು 1927ನೆಯ ಆಗಸ್ಟಿನಲ್ಲಿ ಸರೋವರದ ದಂಡೆಯುದ್ದಕ್ಕೂ 21 ಮೈಲಿಗಳ ಪಂದ್ಯವನ್ನು ಏರ್ಪಡಿಸಿದರು. 30,000 ಡಾಲರುಗಳ ಮೊದಲ ಬಹುಮಾನವನ್ನು ಜರ್ಮನಿಯ ಎರ್ನ್ಸ್ಟ್ ಫಿಯರ್‌ಕೋಟರ್ ಗೆದ್ದನು. ಬಹುಮಂದಿ ಸ್ಪರ್ಧಿಗಳು, ಜಾರ್ಜ್ ಯಂಗನೂ ಸೇರಿದಂತೆ, ನಡುವೆಯೇ ನೀರಿನಿಂದ ಹೊರಬರಬೇಕಾಯಿತು.

ಇಲ್ಲಿ ಗಮನಿಸತಕ್ಕ ಅಂಶವೆಂದರೆ, ಸರೋವರದ ಈಜು ಆರಂಭದಿಂದಲೂ ಮೂರು ಶಕ್ತಿಗಳ ಕೂಡಲಿಯಾಗಿತ್ತು. ಜನರನ್ನು ಸೆಳೆಯಬೇಕಾದ ಪ್ರದರ್ಶನ ಒಂದು. ಪ್ರತಿಗಳನ್ನು ಮಾರಬೇಕಾದ ವೃತ್ತಪತ್ರಿಕೆ ಇನ್ನೊಂದು. ಹೆಸರನ್ನೂ ಹಣವನ್ನೂ ಬಯಸುವ, ಬಹುಮಟ್ಟಿಗೆ ಸಾಮಾನ್ಯ ಮನೆತನದ ಈಜುಗಾರ ಮತ್ತೊಂದು. ಈ ಮೂರರಲ್ಲಿ ಪ್ರಾಣವನ್ನು ಪಣವಾಗಿ ಒಡ್ಡುತ್ತಿದ್ದವನು ಕಡೆಯವನೊಬ್ಬನೇ.

4. 1954ರ ಸೆಪ್ಟೆಂಬರ್

1954ರ ಹೊತ್ತಿಗೆ ಟೊರಾಂಟೋ ಬೆಳೆಯುವ ಉತ್ಸಾಹದಲ್ಲಿದ್ದ ನಗರವಾಗಿತ್ತು. ಆ ವರ್ಷವೇ ಕೆನಡಾದ ಮೊದಲನೆಯ ನೆಲದಡಿಯ ರೈಲು ಅಲ್ಲಿ ಓಡಲಾರಂಭಿಸಿತು. ಜಗತ್ತಿನ ಮನಸ್ಸೂ ಅಂದು ಮಾನವಶಕ್ತಿಯ ಎಲ್ಲೆಗಳ ಕಡೆಗೆ ತಿರುಗಿತ್ತು. ಹಿಂದಿನ ವರ್ಷ ತೇನ್‌ಸಿಂಗ್ ಮತ್ತು ಹಿಲರಿ ಎವರೆಸ್ಟ್ ಶಿಖರವನ್ನು ಏರಿದ್ದರು. 1954ನೆಯ ಮೇ ತಿಂಗಳಿನಲ್ಲಿ ರೋಜರ್ ಬ್ಯಾನಿಸ್ಟರ್ ಒಂದು ಮೈಲಿಯನ್ನು ನಾಲ್ಕು ನಿಮಿಷಗಳ ಒಳಗೆ ಓಡಿದ್ದನು.

ಇಂತಹ ಸನ್ನಿವೇಶದಲ್ಲಿ ಪ್ರದರ್ಶನದ ಅಧಿಕಾರಿಗಳು ಸರೋವರವನ್ನು ದಾಟಲು ಅಮೆರಿಕದ ಫ್ಲಾರೆನ್ಸ್ ಚಾಡ್ವಿಕ್‌ರನ್ನು ಆಹ್ವಾನಿಸಿ, ಅದಕ್ಕಾಗಿ 10,000 ಡಾಲರುಗಳನ್ನು ಗೊತ್ತುಪಡಿಸಿದರು. ಆಯ್ಕೆಯೇನೋ ಯೋಗ್ಯವಾಗಿಯೇ ಇತ್ತು. ಆಕೆ 1950ರಲ್ಲಿ ಫ್ರಾನ್ಸಿನಿಂದ ಇಂಗ್ಲೆಂಡಿಗೂ, 1951ರಲ್ಲಿ ಇಂಗ್ಲೆಂಡಿನಿಂದ ಫ್ರಾನ್ಸಿಗೂ ಕಡಲ್ಗಾಲುವೆಯನ್ನು ದಾಟಿದ್ದರು; 1952ರಲ್ಲಿ ಕ್ಯಾಟಲಿನಾ ಕಡಲನ್ನು ದಾಟಿದ ಮೊದಲ ಮಹಿಳೆಯೂ ಅವರೇ. ಆದರೆ ಕೆನಡಾದ ಪ್ರದರ್ಶನದ ಹಣ ಕೆನಡಾದ ಸರೋವರಕ್ಕಾಗಿ ಅಮೆರಿಕದವರಿಗೆ ಮಾತ್ರ ಮೀಸಲಾದುದು ಹಲವರಿಗೆ ಹಿಡಿಸಲಿಲ್ಲ. ಇಬ್ಬರು ಕೆನಡಿಯನ್ ಈಜುಗಾರ್ತಿಯರು ತಾವೂ ನೀರಿಗಿಳಿಯುವುದಾಗಿ ಮುಂದೆ ಬಂದರು. ಒಬ್ಬರು 1951ರಲ್ಲಿ ಕಡಲ್ಗಾಲುವೆಯನ್ನು ದಾಟಿದ ಮೊದಲ ಕೆನಡಿಯನ್ನರಾದ ವಿನ್ನಿ ರೋಚ್ ಲ್ಯೂಸ್ಲರ್. ಮತ್ತೊಬ್ಬಳು ಮರಿಲಿನ್ ಬೆಲ್. ಇವರಿಗೆ ಪ್ರದರ್ಶನದ ಆಹ್ವಾನವಾಗಲಿ ಬಹುಮಾನದ ಭರವಸೆಯಾಗಲಿ ಇರಲಿಲ್ಲ. ಬೆಲ್‌ಳ ಬೆಂಬಲಕ್ಕೆ ನಿಂತುದು 'ಟೊರಾಂಟೋ ಸ್ಟಾರ್' ವೃತ್ತಪತ್ರಿಕೆ.

ಮರಿಲಿನ್ ಹುಟ್ಟಿದುದು 1937ರ ಅಕ್ಟೋಬರಿನಲ್ಲಿ. ಆಕೆಯ ಗುರು ಲೇಕ್‌ಶೋರ್ ಈಜುಸಂಘದ ಗಸ್ ರೈಡರ್. ಅಂಗವಿಕಲ ಮಕ್ಕಳಿಗೆ ಈಜು ಕಲಿಸುವ ಕೆಲಸವನ್ನೂ ಅವರು ನಡೆಸುತ್ತಿದ್ದರು. ಮರಿಲಿನ್ ಅದರಲ್ಲಿ ಅವರಿಗೆ ನೆರವಾಗುತ್ತಿದ್ದಳು. ಆ ವರ್ಷದ ಬೇಸಗೆಯಲ್ಲಿಯೇ ಆಕೆ ಅಟ್ಲಾಂಟಿಕ್ ಸಿಟಿಯ ದೂರದ ಈಜಿನ ಪಂದ್ಯದಲ್ಲಿ ಮಹಿಳೆಯರ ಪೈಕಿ ಮೊದಲಿಗಳಾಗಿ ಗುರಿಮುಟ್ಟಿದ್ದಳು. ಆದಕಾರಣ ಆಕೆಯನ್ನು ಅನುಭವವಿಲ್ಲದ ಹುಡುಗಿಯೆಂದು ಕರೆಯುವುದು ಸಲ್ಲದು.

ಕೆಟ್ಟ ಹವೆಯ ಕಾರಣ ಈಜು ಮುಂದಕ್ಕೆ ಹೋಗಿ, ಕಡೆಗೆ ಸೆಪ್ಟೆಂಬರ್ 8ರ ಬುಧವಾರ ರಾತ್ರಿ ಸುಮಾರು ಹನ್ನೊಂದು ಗಂಟೆಗೆ ಆರಂಭವಾಯಿತು. ಕತ್ತಲಿನಲ್ಲಿ ದೋಣಿಯಿಂದ ಬಿಡುವ ಬೆಳಕೊಂದೇ ಆಕೆಗೆ ದಾರಿ. ಕೆಲವು ಗಂಟೆಗಳ ಬಳಿಕ ಚಾಡ್ವಿಕ್ ವಾಂತಿಯಿಂದ ಬಳಲಿ ನೀರಿನಿಂದ ಹೊರಬಂದರು. ಲ್ಯೂಸ್ಲರ್ ಕೂಡ ಮುಂದೆ ಈಜನ್ನು ಬಿಡಬೇಕಾಯಿತು. ಉಳಿದವಳು ಬೆಲ್ ಒಬ್ಬಳೇ.

ಅಲೆಗಳು ಎದ್ದುವು. ಹಾವುಮೀನನ್ನು ಹೋಲುವ, ಮೀನುಗಳ ಮೈಗೆ ಬಾಯಿಂದ ಅಂಟಿಕೊಂಡು ರಕ್ತ ಹೀರುವ ಲ್ಯಾಂಪ್ರೆ ಎಂಬ ಜಲಚರಗಳು ಆಕೆಯ ಮೈಗೆ ತಗಲಿಕೊಂಡುವು. ಆಕೆ ಅವುಗಳನ್ನು ಕೈಯಿಂದ ಹೊಡೆದು ಬಿಡಿಸಿಕೊಳ್ಳಬೇಕಾಯಿತು. ನಿಯಮದಂತೆ ಯಾರೂ ಆಕೆಯನ್ನು ಮುಟ್ಟಕೂಡದು. ಆದುದರಿಂದ ರೈಡರ್ ಉದ್ದನೆಯ ಕೋಲಿನ ತುದಿಗೆ ಕಟ್ಟಿದ ಬಟ್ಟಲಿನಲ್ಲಿ ಜೋಳದ ಪಾಕವನ್ನೂ ಮಕ್ಕಳ ಗಂಜಿಯನ್ನೂ ಒದಗಿಸಿದರು. ಅಲೆಗಳ ಸದ್ದಿನಲ್ಲಿ ಮಾತು ಕೇಳದಿದ್ದಾಗ ಹಲಗೆಯ ಮೇಲೆ ಸೀಮೆಸುಣ್ಣದಿಂದ ಬರೆದು ತೋರಿಸಿದರು. ಚಾಡ್ವಿಕ್ ಹೊರಬಂದ ಸುದ್ದಿ ಆಕೆಗೆ ತಿಳಿದುದು ಹೀಗೆಯೇ.

ಬೆಳಗಾದ ಮೇಲೆ ಆಕೆಯ ಬಳಲಿಕೆ ಮಿತಿಮೀರಿತು. ಅಳು ಬಂದಿತು; ಕಾಲುಗಳು ಮರಗಟ್ಟಿದುವು; ಕೈಗಳ ಬಲದಿಂದಲೇ ಮುಂದುವರಿಯಬೇಕಾಯಿತು. ದೋಣಿಯಲ್ಲಿದ್ದ ತಂದೆ ಮಗಳನ್ನು ಹೊರಗೆ ತೆಗೆಯಬೇಕೆಂದು ಬಯಸಿದನು. ರೈಡರ್ ಇನ್ನಷ್ಟು ನೋಡೋಣವೆಂದರು. ಆಕೆ ನಿದ್ರೆಯ ಮಂಪರಿಗೆ ಜಾರುತ್ತಿದ್ದಾಗ ಗೆಳತಿಯೊಬ್ಬಳು ನೀರಿಗೆ ಹಾರಿ ಪಕ್ಕದಲ್ಲಿ ಈಜಿ ಎಚ್ಚರಿಸಿದಳು. ಈ ನಡುವೆ ಆಕಾಶವಾಣಿಯಿಂದಲೂ ಪತ್ರಿಕೆಗಳ ವಿಶೇಷ ಸಂಚಿಕೆಗಳಿಂದಲೂ ಸುದ್ದಿ ಹರಡಿ, ನಗರದ ಜನ ದಂಡೆಯತ್ತ ಹರಿದುಬಂದರು. ಸೆಪ್ಟೆಂಬರ್ 9ರ ರಾತ್ರಿ ಎಂಟು ಗಂಟೆ ದಾಟಿದ ಮೇಲೆ ಆಕೆಯ ಕೈ ನಗರದ ಪಶ್ಚಿಮಕ್ಕಿರುವ ಸನ್ನಿಸೈಡಿನ ಬಳಿಯ ಅಲೆತಡೆಯ ಗೋಡೆಗೆ ತಗಲಿತು. ಜನ ಪ್ರದರ್ಶನದ ಮೈದಾನದ ಎದುರು ಕಾದಿದ್ದರು. ಗಾಳಿ ಮತ್ತು ಪ್ರವಾಹ ಆಕೆಯನ್ನು ಬೇರೆಡೆಗೆ ಒಯ್ದಿದ್ದುವು. ಪ್ರದರ್ಶನದವರು 10,000 ಡಾಲರುಗಳನ್ನು ಆಕೆಗೇ ಕೊಡಲು ತೀರ್ಮಾನಿಸಿದರು.

5. ಆಧಾರಗಳ ಪರೀಕ್ಷೆ

ಮೇಲೆ ಹೇಳಿದ ಕಥನಕ್ಕೆ ಪ್ರಧಾನ ಆಧಾರ ಅಂದಿನ ವೃತ್ತಪತ್ರಿಕೆಗಳು. ಆದರೆ ಈ ಪತ್ರಿಕೆಗಳು ದಡದಲ್ಲಿ ನಿಂತು ನೋಡಿದ ನಿಷ್ಪಕ್ಷಪಾತಿಗಳಲ್ಲವೆಂಬುದನ್ನು ಮರೆಯಲಾಗದು. 'ಸ್ಟಾರ್' ಪತ್ರಿಕೆ ಆಕೆಯ ಕಥೆಯ ಹಕ್ಕನ್ನು ಮೊದಲೇ ಪಡೆದುಕೊಂಡಿತ್ತು. ಅದರ ಪ್ರತಿಸ್ಪರ್ಧಿಯಾದ 'ಟೆಲಿಗ್ರಾಂ' ಆ ಕಥೆಯನ್ನು ಹೇಗಾದರೂ ಪಡೆಯಲು ಹವಣಿಸುತ್ತಿತ್ತು. ಎರಡಕ್ಕೂ ಘಟನೆ ದೊಡ್ಡದಾದಷ್ಟೂ ಲಾಭ. ರಾಜನ ಆಶ್ರಯದಲ್ಲಿದ್ದ ಕವಿಯ ಪ್ರಶಸ್ತಿಯನ್ನು ಓದುವಾಗ ನಾವು ಯಾವ ಎಚ್ಚರ ವಹಿಸುತ್ತೇವೆಯೋ ಅದೇ ಎಚ್ಚರ ಇಲ್ಲಿಯೂ ಬೇಕು.

ಮೂರು ಉದಾಹರಣೆಗಳನ್ನು ಪರಿಶೀಲಿಸೋಣ. ಮೊದಲನೆಯದು ದೂರ. ನೇರವಾದ ಗೆರೆಯಲ್ಲಿ ಅದು ಸುಮಾರು 32 ಮೈಲಿ, ಎಂದರೆ 51.5 ಕಿಲೋಮೀಟರು. ಗಾಳಿಗೆ ಸಿಲುಕಿ ಆಕೆ ಈಜಿದುದು 40 ಮೈಲಿಗೂ ಹೆಚ್ಚೆಂದು ಹೇಳುವವರುಂಟು. ನೇರ ದೂರವನ್ನು ನಕ್ಷೆಯಿಂದ ಪರೀಕ್ಷಿಸಬಹುದು. ವಕ್ರವಾದ ದಾರಿಯನ್ನು ಅಳೆಯುವ ಸಾಧನ ಅಂದು ಅಲ್ಲಿರಲಿಲ್ಲ. ಆದುದರಿಂದ ಮೊದಲನೆಯದನ್ನು ಸಂಗತಿಯೆಂದೂ, ಎರಡನೆಯದನ್ನು ಅಂದಾಜೆಂದೂ ಬೇರ್ಪಡಿಸಿ ಇಡಬೇಕು.

ಎರಡನೆಯದು ಅಲೆಗಳ ಎತ್ತರ. ಹನ್ನೆರಡು ಹದಿನೈದು ಅಡಿಗಳ ಅಲೆಗಳೆದ್ದುವೆಂದು ಬರೆದವರಿದ್ದಾರೆ. ತಗ್ಗಾದ ದೋಣಿಯಲ್ಲಿ ಕುಳಿತವನಿಗೆ ಅಲೆ ಇರುವುದಕ್ಕಿಂತ ಎತ್ತರವಾಗಿ ಕಾಣುತ್ತದೆಂಬುದನ್ನು ನಾವಿಕರು ಬಲ್ಲರು. ಇದರಿಂದ ಸರೋವರ ಶಾಂತವಾಗಿತ್ತೆಂದು ಅರ್ಥವಲ್ಲ. ಅಲೆಗಳೆದ್ದುದು ನಿಜ, ಅವುಗಳ ಅಡಿಲೆಕ್ಕ ಮಾತ್ರ ಸಂಶಯಾಸ್ಪದ.

ಮೂರನೆಯದು ಜನಸಂದಣಿ. ಒಂದು ಲಕ್ಷದಿಂದ ಮೂರು ಲಕ್ಷದವರೆಗೆ ಸಂಖ್ಯೆಗಳು ದೊರೆಯುತ್ತವೆ. ಮೈಲಿಗಟ್ಟಲೆ ಹರಡಿದ ದಂಡೆಯಲ್ಲಿ, ಕತ್ತಲಿನಲ್ಲಿ, ತಲೆಗಳನ್ನು ಎಣಿಸಿದವರಾರು? ಇಂತಹ ಸಂಖ್ಯೆಗಳು ಎಣಿಕೆಗಳಲ್ಲ. ಆಶ್ಚರ್ಯವನ್ನು ಅಂಕಿಗಳಲ್ಲಿ ಹೇಳುವ ಒಂದು ರೀತಿ. ನಮ್ಮ ಶಾಸನಗಳು ಯುದ್ಧದಲ್ಲಿ ಮಡಿದ ಆನೆ ಕುದುರೆಗಳ ಲೆಕ್ಕ ಕೊಡುವುದೂ ಹೀಗೆಯೇ.

ಹಾಗಾದರೆ ಘಟನೆಯ ತಿರುಳನ್ನೇ ಸಂಶಯಿಸಬೇಕೆ? ಬೇಕಾಗಿಲ್ಲ. ಪರಸ್ಪರ ವೈರದಿಂದಿದ್ದ ಎರಡು ಪತ್ರಿಕೆಗಳು ದೋಣಿಗಳಲ್ಲಿ ಆಕೆಯನ್ನು ಹಿಂಬಾಲಿಸುತ್ತಿದ್ದುವು. ಆಕೆ ದೋಣಿಯನ್ನು ಹಿಡಿದಿದ್ದರೆ, ಯಾರಾದರೂ ಕೈಗೊಟ್ಟಿದ್ದರೆ, ಅದನ್ನು ಬಯಲಿಗೆಳೆಯಲು ಪ್ರತಿಸ್ಪರ್ಧಿಯು ಹಿಂಜರಿಯುತ್ತಿರಲಿಲ್ಲ. ಮಿತ್ರನ ಹೊಗಳಿಕೆಗಿಂತ ಪ್ರತಿಪಕ್ಷದ ಮೌನಕ್ಕೆ ಹೆಚ್ಚು ಬೆಲೆಯುಂಟು. ಇತಿಹಾಸದ ವಿದ್ಯಾರ್ಥಿಗಳು ಈ ಸೂತ್ರವನ್ನು ಇತರ ಸಂದರ್ಭಗಳಲ್ಲಿಯೂ ಉಪಯೋಗಿಸಿಕೊಳ್ಳಬಹುದು.

6. ಗೆಲುವು ಮತ್ತು ವಿವೇಕ

ಈಗ ಮೂರನೆಯ ಪ್ರಶ್ನೆಗೆ ಬರೋಣ. ದಣಿದು ಅಳುತ್ತಿದ್ದ ಬಾಲಿಕೆಯನ್ನು ನೀರಿನಲ್ಲಿಯೇ ಮುಂದುವರಿಸಿದ ಗುರುವಿನ ನಿರ್ಧಾರ ಸರಿಯೆ? ಸಾಮಾನ್ಯವಾಗಿ ದೊರೆಯುವ ಉತ್ತರ, 'ಆಕೆ ಗೆದ್ದಳಲ್ಲ!' ಎಂಬುದು. ಈ ಉತ್ತರದಲ್ಲಿ ಒಂದು ದೊಡ್ಡ ತಪ್ಪಿದೆ. ಫಲವನ್ನು ಬಲ್ಲ ನಾವು, ಫಲವನ್ನರಿಯದೆ ನಿರ್ಧರಿಸಿದವರ ಸ್ಥಾನದಲ್ಲಿ ನಿಂತು ತೀರ್ಪು ಕೊಡುತ್ತೇವೆ. ಪಾಣಿಪತ್ತಿನ ಸೋಲನ್ನು ಬಲ್ಲವರಿಗೆ ಮರಾಠರ ಪ್ರತಿಯೊಂದು ನಡೆಯೂ ತಪ್ಪಾಗಿ ಕಾಣುವಂತೆ, ಸನ್ನಿಸೈಡಿನ ಗೆಲುವನ್ನು ಬಲ್ಲವರಿಗೆ ರೈಡರರ ಪ್ರತಿಯೊಂದು ಮಾತೂ ವಿವೇಕವಾಗಿ ಕಾಣುತ್ತದೆ.

ಗುರುವಿನ ಪರವಾಗಿ ಹೇಳತಕ್ಕ ಮಾತುಗಳೂ ಇವೆ. ಶೀತಜಲದ ಈಜಿನಲ್ಲಿ ಅವರಿಗಿದ್ದಷ್ಟು ಅನುಭವ ಅಂದು ಕೆಲವರಿಗೇ ಇದ್ದಿತು. 1949ರಲ್ಲಿ ಪ್ರದರ್ಶನದ ಪಂದ್ಯವನ್ನು ಗೆದ್ದ ಕ್ಲಿಫ್ ಲಮ್ಸ್‌ಡನ್ ಅವರ ಶಿಷ್ಯನೇ. 1955ರ 32 ಮೈಲಿಗಳ ಪಂದ್ಯದಲ್ಲಿ ಅತಿಶೀತದಿಂದ ಇತರರೆಲ್ಲರೂ ನೀರನ್ನು ಬಿಟ್ಟಾಗ ಗುರಿಮುಟ್ಟಿದವನು ಆತನೊಬ್ಬನೇ. ಶಿಷ್ಯರ ಶಕ್ತಿಯನ್ನು ಅಳೆಯುವ ಕಣ್ಣು ರೈಡರರಿಗೆ ಇದ್ದಿತೆಂಬುದನ್ನು ಒಪ್ಪಬೇಕು. ಆದರೆ ದಣಿದ ಈಜುಗಾರನು ತನ್ನ ವಿಷಯದಲ್ಲಿ ತಾನೇ ಸಾಕ್ಷಿಯಾಗಲಾರನೆಂದು ಹಿಂದೆ ಹೇಳಿದೆವು. ಆಗ ತೀರ್ಮಾನದ ಭಾರ ದೋಣಿಯಲ್ಲಿರುವವರ ಮೇಲೆ ಬೀಳುತ್ತದೆ. ಆ ದೋಣಿಯಲ್ಲಿ ಗೆಲುವನ್ನು ಬಯಸದವನು, ಎಂದರೆ ಹಣಕ್ಕೂ ಕೀರ್ತಿಗೂ ಸಂಬಂಧವಿಲ್ಲದೆ 'ಸಾಕು' ಎನ್ನುವ ಅಧಿಕಾರವುಳ್ಳವನು, ಒಬ್ಬನೂ ಇರಲಿಲ್ಲ. ತಂದೆಗೆ ಬಯಕೆಯಿದ್ದಿತು, ನೆರೆದಿದ್ದ ನಗರದ ಎದುರು ಅದನ್ನು ನಡೆಸುವ ಬಲವಿರಲಿಲ್ಲ. ನಮ್ಮ ದೃಷ್ಟಿಯಲ್ಲಿ ದೋಷ ಒಬ್ಬ ವ್ಯಕ್ತಿಯದಲ್ಲ, ವ್ಯವಸ್ಥೆಯದು.

ಈ ಮಾತು ಕೇವಲ ತರ್ಕವಲ್ಲವೆಂಬುದನ್ನು ಮುಂದಿನ ಇತಿಹಾಸ ತೋರಿಸಿತು. 1974ರಲ್ಲಿ ಇದೇ ಸರೋವರವನ್ನು ದಾಟಲು ಹೊರಟ ಈಜುಗಾರನೊಬ್ಬನು ಮೃತನಾದನು. ಅದರ ಫಲವಾಗಿ 1975ರಲ್ಲಿ 'ಸೋಲೋ ಸ್ವಿಮ್ಸ್ ಆಫ್ ಆಂಟೇರಿಯೋ' ಎಂಬ ಸಂಸ್ಥೆ ಸ್ಥಾಪಿತವಾಯಿತು. ಈಜುಗಾರನ ಅರ್ಹತೆ, ಜೊತೆಯ ದೋಣಿಗಳು, ರಕ್ಷಣೆಯ ಏರ್ಪಾಡು ಇವುಗಳಿಗೆ ನಿಯಮಗಳಾದುವು. ಈಜನ್ನು ನಿಲ್ಲಿಸುವ ಅಧಿಕಾರ ಮೇಲ್ವಿಚಾರಕರಿಗೆ ದೊರೆಯಿತು. 1954ರ ದೋಣಿಯಲ್ಲಿ ಖಾಲಿಯಿದ್ದ ಸ್ಥಾನವನ್ನು ತುಂಬಲು ಇಪ್ಪತ್ತೊಂದು ವರ್ಷಗಳೂ ಒಂದು ಜೀವವೂ ಬೇಕಾದುವು.

7. ಪರಿಣಾಮಗಳು

ಕೆನಡಾದ ಜನತೆ ಬೆಲ್‌ಳ ಗೆಲುವನ್ನು ತನ್ನ ಗೆಲುವೆಂದು ಸ್ವೀಕರಿಸಿತು. ಆ ವರ್ಷದ ಶ್ರೇಷ್ಠ ಕ್ರೀಡಾಪಟುವಿಗೆ ಸಲ್ಲುವ ಲೂ ಮಾರ್ಷ್ ಪಾರಿತೋಷಕ ಆಕೆಗೆ ದೊರೆಯಿತು. 1955ರಲ್ಲಿ ಆಕೆ ಇಂಗ್ಲಿಷ್ ಕಡಲ್ಗಾಲುವೆಯನ್ನೂ, 1956ರಲ್ಲಿ ಶಾಂತಸಾಗರದ ಕರೆಯ ಹುವಾನ್ ದೆ ಫೂಕಾ ಜಲಸಂಧಿಯನ್ನೂ ದಾಟಿದಳು. ಅನಂತರ ಈಜಿನ ಸ್ಪರ್ಧೆಗಳನ್ನು ಬಿಟ್ಟು, ವಿವಾಹಿತಳಾಗಿ ಅಮೆರಿಕದಲ್ಲಿ ನೆಲೆಸಿ, ಅಧ್ಯಾಪಿಕೆಯಾದಳು. ವೆಬ್‌ನಂತೆ ಕೀರ್ತಿಯನ್ನು ಬೆನ್ನಟ್ಟಿ ಸುಳಿಗೆ ಬೀಳದೆ, ಹತ್ತೊಂಬತ್ತು ತುಂಬುವ ಮೊದಲೇ ದಂಡೆಗೆ ಬಂದು ನಿಂತುದು ಆಕೆಯ ವಿವೇಕಕ್ಕೆ ಸಾಕ್ಷಿ. ಟೊರಾಂಟೋದಲ್ಲಿ ದಂಡೆಯ ಉದ್ಯಾನವೊಂದು ಆಕೆಯ ಹೆಸರನ್ನು ಹೊತ್ತಿದೆ.

ಆಕೆ ತೆರೆದ ದಾರಿಯಲ್ಲಿ ಇತರರು ನಡೆದರು. 1974ರಲ್ಲಿ ಸಿಂಡಿ ನಿಕೊಲಸ್ ಇದೇ ಸರೋವರವನ್ನು 15 ಗಂಟೆ 10 ನಿಮಿಷಗಳಲ್ಲಿ ದಾಟಿದಳು. ವಿಕಿ ಕೀತ್ 1987ರಲ್ಲಿ ಸರೋವರವನ್ನು ಎರಡೂ ದಿಕ್ಕುಗಳಲ್ಲಿ ನಿಲ್ಲದೆ ಈಜಿ, 1988ರಲ್ಲಿ ಐದು ಮಹಾಸರೋವರಗಳನ್ನೂ ದಾಟಿದಳು. ಆಕೆಯ ಈಜು ಅಂಗವಿಕಲ ಮಕ್ಕಳ ಸಹಾಯಾರ್ಥವಾಗಿತ್ತು. ಹಣದ ಸಂಬಂಧ ಇಲ್ಲಿಯೂ ಉಂಟು. ಆದರೆ ಹರಿಯುವ ದಿಕ್ಕು ಬೇರೆ. ಸರೋವರದ ಈಜಿನಲ್ಲಿ ಮಹಿಳೆಯರದೇ ಮೇಲುಗೈಯಾದುದೂ ಗಮನಾರ್ಹ.

ಲ್ಯಾಂಪ್ರೆಗಳ ವಿಷಯವೂ ಇತಿಹಾಸಕ್ಕೆ ಸೇರತಕ್ಕದ್ದೇ. ಸಾಗರದ ಈ ಜೀವಿ ಕಾಲುವೆಗಳ ಮೂಲಕ ಮೇಲಿನ ಸರೋವರಗಳಿಗೆ ಹರಡಿ ಮೀನುಗಾರಿಕೆಯನ್ನು ಹಾಳುಗೆಡವಿತ್ತು. ಇದರ ನಿವಾರಣೆಗಾಗಿ ಎರಡು ರಾಷ್ಟ್ರಗಳು ಒಪ್ಪಂದಕ್ಕೆ ಸಹಿ ಮಾಡಿದುದು ಅದೇ 1954ರ ಸೆಪ್ಟೆಂಬರಿನಲ್ಲಿ. ಬಾಲಿಕೆಯ ಮೈಗೆ ಅಂಟಿದ ಆ ಜಲಚರ ಮನುಷ್ಯನು ಹಡಗುಗಳಿಗಾಗಿ ತೋಡಿದ ಕಾಲುವೆಗಳ ಕಥೆಗೂ ಸೇರಿದುದೆಂಬುದನ್ನು ಅಂದಿನ ಪತ್ರಿಕೆಗಳ ಓದುಗರಲ್ಲಿ ಎಷ್ಟು ಮಂದಿ ಯೋಚಿಸಿದರೋ!

ನಮ್ಮ ದೇಶದ ಓದುಗರಿಗೆ ಇದೇ ಕಾಲದ ಇನ್ನೆರಡು ಹೆಸರುಗಳು ನೆನಪಾಗುವುದು ಸಹಜ. 1958ರಲ್ಲಿ ಮಿಹಿರ್ ಸೇನ್, 1959ರಲ್ಲಿ ಆರತಿ ಸಾಹಾ ಇಂಗ್ಲಿಷ್ ಕಡಲ್ಗಾಲುವೆಯನ್ನು ದಾಟಿದರು. ಆರತಿಯವರು ಮೊದಲ ಯತ್ನದಲ್ಲಿ ವಿಫಲರಾಗಿ, ಒಂದೇ ತಿಂಗಳ ಬಳಿಕ ಪುನಃ ಇಳಿದು ಗೆದ್ದರು. ಆ ಕಡಲನ್ನು ದಾಟಿದ ಏಷ್ಯದ ಮೊದಲ ಮಹಿಳೆಯಾದರು. ಬೆಚ್ಚನೆಯ ನೀರಿನ ನಾಡಿನಿಂದ ಹೋದವರಿಗೆ ಆ ಶೈತ್ಯ ಎರಡು ಪಟ್ಟು ವೈರಿಯಾಗಿದ್ದಿರಬೇಕು.

8. ಉಪಸಂಹಾರ

ಇದುವರೆಗಿನ ವಿವೇಚನೆಯಿಂದ ನಾವು ಈ ನಿರ್ಣಯಗಳಿಗೆ ಬರಬಹುದು. ಸರೋವರವು ಈ ಘಟನೆಯಲ್ಲಿ ಕೇವಲ ರಂಗಭೂಮಿಯಲ್ಲ, ಪಾತ್ರಧಾರಿಯೂ ಅಹುದು. ಅದರ ಗಾಳಿ ಮತ್ತು ಶೈತ್ಯಗಳ ಪರಿಚಯವಿಲ್ಲದೆ ಘಟನೆ ಅರ್ಥವಾಗದು. ಘಟನೆಯ ದಾಖಲೆಯನ್ನು ಸ್ವಾರ್ಥವುಳ್ಳವರು ಸೃಷ್ಟಿಸಿದರು. ಆದರೆ ಅವರ ಪರಸ್ಪರ ಸ್ಪರ್ಧೆಯೇ ಸತ್ಯಕ್ಕೆ ಕಾವಲಾಯಿತು. ಗೆಲುವು ವಿವೇಕಕ್ಕೆ ಪ್ರಮಾಣವಲ್ಲ.

ಇಷ್ಟೆಲ್ಲ ಪರೀಕ್ಷಿಸಿ, ಅಲೆಗಳ ಎತ್ತರವನ್ನೂ ಜನರ ಸಂಖ್ಯೆಯನ್ನೂ ಕಡಮೆ ಮಾಡಿ, ಪ್ರದರ್ಶನದ ಲಾಭವನ್ನೂ ಪತ್ರಿಕೆಗಳ ಮಾರಾಟವನ್ನೂ ಲೆಕ್ಕಕ್ಕೆ ಹಿಡಿದ ಮೇಲೆಯೂ ಒಂದು ಶೇಷ ಉಳಿಯುತ್ತದೆ. ಬಹುಮಾನದ ಭರವಸೆಯಿಲ್ಲದೆ ನೀರಿಗಿಳಿದ ಬಾಲಿಕೆಯೊಬ್ಬಳು, ಜಗತ್ಪ್ರಸಿದ್ಧರು ಹಿಂತಿರುಗಿದ ಮೇಲೆಯೂ, ಮರಗಟ್ಟಿದ ಕಾಲುಗಳನ್ನೆಳೆದುಕೊಂಡು ಇಡೀ ಒಂದು ಹಗಲು ಈಜಿದಳು. ಆಧಾರಗಳ ವಿಮರ್ಶೆ ಈ ಶೇಷವನ್ನು ಕರಗಿಸಲಾರದು. ಅದನ್ನು ಉತ್ಪ್ರೇಕ್ಷೆಯಿಂದ ಬೇರ್ಪಡಿಸಿ, ಅದಿರುವ ಅಳತೆಯಲ್ಲಿಯೇ ತೋರಿಸಬಲ್ಲುದು. ಇತಿಹಾಸಕಾರನ ಕೆಲಸವೂ ಅಷ್ಟೇ ಎಂದು ನಾವು ತಿಳಿಯುತ್ತೇವೆ.